ಐಟಿಐ ಹುಡುಗರ ನಡತೆ: ಗೇಟಿನ ಹೊರಗಿನವರೂ ಸ್ವಲ್ಪ ಕೇಳಿಸಿಕೊಳ್ಳಲಿ

ಹರಿಹರದಿಂದ ದಾವಣಗೆರೆಗೆ ಬೆಳಿಗ್ಗೆ ಬರುವ ಬಸ್ಸುಗಳಲ್ಲಿ ಒಂಟಿಕಾಲಲ್ಲಿ ನಿಂತು ಬಂದವರಿಗೆ ಈ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಒಳಗೆ ಜಾಗವಿದ್ದರೂ ಬಾಗಿಲಲ್ಲೇ ನೇತಾಡುವ ಹುಡುಗರು. ಕಂಡಕ್ಟರು "ಒಳಗ್ ಬರ್ರಪ್ಪಾ" ಎಂದರೆ ಹಿಂದಿನಿಂದ ಒಂದು ಶಿಳ್ಳೆ. ಇಡೀ ಬಸ್ಸಿಗೆ ಕೇಳುವಂತೆ ಮೊಬೈಲಿನಲ್ಲಿ ಹಾಡು. ಪಾಸು ತೋರಿಸು ಎಂದರೆ "ಐತೆ ಬಿಡಣ್ಣಾ" ಎಂಬ ಉತ್ತರ. ಕೊರಳಲ್ಲಿ ಐಟಿಐ ಗುರುತಿನ ಚೀಟಿ. ಸಾಯಂಕಾಲ ಇದೇ ಪಡೆ ವಾಪಸು ಹೊರಡುವ ಹೊತ್ತಿಗೆ ಸ್ಟಾಪಿನ ಎದುರಿನ ಅಂಗಡಿಯವರು ಹೊರಗೆ ಇಟ್ಟ ಸಾಮಾನನ್ನು ಒಳಕ್ಕೆ ಎಳೆದುಕೊಳ್ಳುತ್ತಾರೆ.

ಇಷ್ಟು ದಿನ ಬಾಯಿಮಾತಿನಲ್ಲಿದ್ದ ದೂರು ಈಗ ಕಾಗದಕ್ಕೆ ಇಳಿದಿದೆ. ಒಂದು ಐಟಿಐ ಕಾಲೇಜಿನ ಸುತ್ತಮುತ್ತಲ ಅಂಗಡಿಕಾರರು ಸಹಿ ಹಾಕಿ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟಿದ್ದಾರೆ. ನಾಲ್ಕು ಹುಡುಗರಿಗೆ ಟಿ.ಸಿ. ಕೊಟ್ಟು ಕಳಿಸಬೇಕು, ಇಲ್ಲವಾದರೆ ಸ್ಟೇಷನ್ನಿಗೆ ಹೋಗುತ್ತೇವೆ ಎಂಬುದು ಅದರ ಸಾರಾಂಶ. ಸ್ಟಾಪಿನಲ್ಲಿ ಹುಡುಗರು ಹೊಡೆದಾಡಿಕೊಂಡಾಗ ಒಂದು ಅಂಗಡಿಯ ಗಾಜಿನ ಶೋಕೇಸು ಒಡೆದದ್ದು ತಕ್ಷಣದ ಕಾರಣ. ಕಾಲೇಜಿನ ಹೆಸರು ನಾವು ಹಾಕುತ್ತಿಲ್ಲ. ಹಾಕಿದರೆ ಅಲ್ಲಿ ತಲೆ ತಗ್ಗಿಸಿ ಕೆಲಸ ಕಲಿಯುತ್ತಿರುವ ಉಳಿದ ಹುಡುಗ ಹುಡುಗಿಯರ ಸರ್ಟಿಫಿಕೇಟಿಗೂ ಮಸಿ ಬಳಿದಂತೆ. ಹೆಸರು ಯಾವುದಾದರೇನು, ಈ ಅರ್ಜಿ ಜಿಲ್ಲೆಯ ಯಾವ ಐಟಿಐ ಗೇಟಿನ ಎದುರಿಗಾದರೂ ಹುಟ್ಟಬಹುದಾದ ಅರ್ಜಿ.

ಮೊದಲೇ ಹೇಳಿಬಿಡುತ್ತೇವೆ, ನಾವು ಹುಡುಗರ ವಕಾಲತ್ತು ವಹಿಸಿಕೊಂಡು ಬಂದಿಲ್ಲ. ಫುಟ್‌ಬೋರ್ಡಿನ ಮೇಲೆ ನಿಂತು ಹೋಗಬಾರದು ಎಂಬುದು ಕಂಡಕ್ಟರ ಸ್ವಂತ ಹಟವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಮು ಅದನ್ನೇ ಹೇಳುತ್ತದೆ. ನಿಲ್ಲುವವನಿಗೂ ತಪ್ಪು, ನಿಲ್ಲಿಸಿಕೊಂಡು ಹೋಗುವವರಿಗೂ ತಪ್ಪು. ಹುಡುಗ ಬಿದ್ದರೆ ಮೊದಲು ಅಮಾನತ್ತಾಗುವವನು ಡ್ರೈವರು. ಅವನಿಗೂ ಹೆಂಡತಿ ಮಕ್ಕಳಿದ್ದಾರೆ.

ಹೆಣ್ಣುಮಕ್ಕಳ ವಿಷಯದಲ್ಲಂತೂ ವಿನಾಯಿತಿ ಎಂಬ ಮಾತೇ ಬೇಡ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಿನಲ್ಲಿ ಹೆಂಗಸರ ಸಂಖ್ಯೆ ಹೆಚ್ಚಿದೆ. ಕೆಲಸಕ್ಕೆ ಹೋಗುವವರು, ಕಾಲೇಜಿಗೆ ಹೋಗುವವರು, ಆಸ್ಪತ್ರೆಗೆ ಹೊರಟವರು. ಅವರ ಮೈಮೇಲೆ ಒರಗುವುದು, ಅವರನ್ನು ನೋಡಿ ಹಾಡು ಹೇಳುವುದು, ಕೇಳದೆ ಫೋಟೋ ಹಿಡಿಯುವುದು, ಇದಕ್ಕೆ "ವಯಸ್ಸು ರೀ" ಎಂದು ನಗುವವರೂ ನಮ್ಮಲ್ಲಿದ್ದಾರೆ. ವಯಸ್ಸಲ್ಲ ಸ್ವಾಮಿ, ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮಿನಲ್ಲಿ ಮಾತು, ಸನ್ನೆಗಳಿಂದ ಹೆಣ್ಣಿನ ಮಾನಕ್ಕೆ ಕುಂದು ತಂದವನಿಗೆ ಮೂರು ವರ್ಷದವರೆಗೆ ಜೈಲು ಇದೆ. ಅಂಥ ದೂರು ಬಂದರೆ ಪ್ರಿನ್ಸಿಪಾಲರು ರಾಜಿ ಪಂಚಾಯ್ತಿ ಮಾಡಿಸುವ ಗೋಜಿಗೆ ಹೋಗದೆ ಸೀದಾ ಪೊಲೀಸರಿಗೆ ಒಪ್ಪಿಸಬೇಕು. ಅರ್ಜಿಯಲ್ಲಿರುವ ನಾಲ್ವರ ಮೇಲೆ ಈ ದೂರು ಇಲ್ಲ. ಇದ್ದಿದ್ದರೆ ಈ ಲೇಖನ ಬೇರೆ ಥರ ಇರುತ್ತಿತ್ತು.

ಇರಲಿ. ಅರ್ಜಿ ಕೈಸೇರಿದ ಮೇಲೆ ಕಾಲೇಜಿನವರು ಏನು ಮಾಡಿದರು? ಬೋರ್ಡು ಬರೆಸಿದರು. ಗೇಟಿನ ಒಳಗೆ ಎಲ್ಲರಿಗೂ ಕಾಣುವ ಹಾಗೆ ನಿಂತಿದೆ. ಕೂದಲು ಗಿಡ್ಡ ಇರಬೇಕು, ಯೂನಿಫಾರಂ ಇಸ್ತ್ರಿ ಆಗಿರಬೇಕು, ಗುರುತಿನ ಚೀಟಿ ಸದಾ ಕೊರಳಲ್ಲಿರಬೇಕು, ಮೊಬೈಲು ನಿಷೇಧ, ಗೇಟಿನ ಮುಂದೆ ಗುಂಪು ಸೇರಕೂಡದು. ಕೆಳಗೆ ಕೆಂಪಕ್ಷರದಲ್ಲಿ "ತಪ್ಪಿದಲ್ಲಿ ಶಿಸ್ತುಕ್ರಮ". ಯಾವ ನಿಯಮ ಯಾಕೆ ಎಂದು ಮಾತ್ರ ಒಂದು ಸಾಲೂ ಇಲ್ಲ.

ಗುರುತಿನ ಚೀಟಿಯದನ್ನೇ ತೆಗೆದುಕೊಳ್ಳಿ. ಟರ್ನರ್ ಟ್ರೇಡಿನ ಹುಡುಗ ಲೇತಿನ ಮುಂದೆ ಬಗ್ಗಿ ನಿಲ್ಲುತ್ತಾನೆ. ಕೊರಳಲ್ಲಿ ರಿಬ್ಬನ್ನು ಜೋತಾಡುತ್ತಿದೆ. ತಿರುಗುವ ಚಕ್ಕಿಗೆ ಅದರ ತುದಿ ಸಿಕ್ಕಿತು ಎಂದರೆ ಮೆಶೀನು ಹುಡುಗನ ಕುತ್ತಿಗೆಯನ್ನೇ ಎಳೆದುಕೊಳ್ಳುತ್ತದೆ. ಜೋತಾಡುವ ಯಾವುದನ್ನೂ ಹಾಕಿಕೊಂಡು ಲೇತಿನ ಹತ್ತಿರ ಹೋಗಬಾರದು ಎಂಬುದು ವರ್ಕ್‌ಶಾಪಿನ ಮೊದಲನೇ ಪಾಠ. ತೋಳು ಬಿಗಿಯಾಗಿರಬೇಕು, ಕೈಗೆ ಕಟ್ಟಿದ ದಾರ, ಕಡಗ, ಉಂಗುರ ತೆಗೆದಿಡಬೇಕು, ಲೇತು ತಿರುಗುವಾಗ ಕೈಗವಸೂ ಹಾಕಬಾರದು. ಉದ್ದ ಕೂದಲು ಬೇಡ ಎನ್ನುವುದಕ್ಕೂ ಇಲ್ಲಿ ಅರ್ಥವಿದೆ. ಡ್ರಿಲ್ಲಿಂಗ್ ಮೆಶೀನಿಗೆ ಕೂದಲು ಸಿಕ್ಕಿದರೆ ನೆತ್ತಿಯ ಚರ್ಮವೇ ಕಿತ್ತು ಬರುತ್ತದೆ. ಈ ಕಾರಣ ಹೇಳಿ ಕೂದಲು ಕತ್ತರಿಸಿಕೋ ಎಂದರೆ ಹುಡುಗ ಕೇಳುತ್ತಾನೆ. "ರೌಡಿ ಥರಾ ಕಾಣ್ತೀಯ" ಎಂದು ಗೇಟಿನಲ್ಲಿ ನಿಲ್ಲಿಸಿ ಬೈದರೆ ಮಾರನೇ ದಿನ ಇನ್ನೂ ಒಂದಿಂಚು ಉದ್ದ ಬಿಡುತ್ತಾನೆ.

ಕೆಲಸ ಕಲಿಯುವ ಕಡೆ ನಡತೆ ಎಂದರೆ ಏನು ಎಂಬುದನ್ನು ನಮ್ಮೂರಿನ ಯಾವುದೇ ಹಳೇ ಫಿಟ್ಟರನ್ನು ಕೇಳಿ, ಹೇಳುತ್ತಾರೆ. ಚಕ್ಕು ಬಿಗಿ ಮಾಡಿದ ಮೇಲೆ ಚಕ್ ಕೀಯನ್ನು ಅದರಲ್ಲೇ ಬಿಡಬಾರದು. ಮರೆತು ಸ್ವಿಚ್ಚು ಒತ್ತಿದರೆ ಅದು ಗುಂಡಿನ ಹಾಗೆ ಹಾರಿ ಬರುತ್ತದೆ, ಯಾರ ಎದೆಗೋ ಯಾರ ಹಣೆಗೋ. ತೆಗೆದುಕೊಂಡ ಟೂಲನ್ನು ಒರೆಸಿ ಅದರ ಜಾಗದಲ್ಲೇ ಇಡಬೇಕು, ಮುಂದಿನವನು ಹುಡುಕಬಾರದು. ತುಂಡು ಸರಿ ಬರಲಿಲ್ಲ ಎಂದು ಪಕ್ಕದವನ ತುಂಡಿಗೆ ತನ್ನ ನಂಬರು ಹೊಡೆದು ಮಾಸ್ತರಿಗೆ ತೋರಿಸಬಾರದು. ಫ್ಯೂಸು ತೆಗೆಯದೆ ತಂತಿ ಮುಟ್ಟಬಾರದು. ಸೀನಿಯರು ಜೂನಿಯರ ಕೈಲಿ ತನ್ನ ಫೈಲಿಂಗ್ ಕೆಲಸ ಮಾಡಿಸಬಾರದು. ಬೋರ್ಡಿನಲ್ಲಿ ಇವುಗಳಲ್ಲಿ ಒಂದೂ ಇಲ್ಲ.

ಇದು ನಮ್ಮ ಸ್ವಂತ ವ್ಯಾಖ್ಯಾನ ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಕೇಂದ್ರ ಸರಕಾರ ಐಟಿಐಗಳಿಗೆ ಕೊಟ್ಟಿರುವ ಪಠ್ಯಕ್ರಮದಲ್ಲೇ ಇದೆ. ಹುಡುಗನಿಗೆ ಅಂಕ ಹಾಕುವಾಗ ಅವನು ಬೇರೆಯವರ ಜತೆ ಸೇರಿ ಕೆಲಸ ಮಾಡಿದನೇ, ಸಾಮಾನು ಹಾಳು ಮಾಡದೆ ಉಳಿಸಿದನೇ, ತಪ್ಪದೆ ಬಂದನೇ, ನಡವಳಿಕೆ ಹೇಗಿತ್ತು, ಸುರಕ್ಷತೆ ನೋಡಿಕೊಂಡನೇ, ಎಲ್ಲವನ್ನೂ ಗಮನಿಸಬೇಕು ಎಂದು ಬರೆದಿದ್ದಾರೆ. 'ಎಂಪ್ಲಾಯಬಿಲಿಟಿ ಸ್ಕಿಲ್ಸ್' ಎಂಬ ಒಂದು ವಿಷಯವೇ ಬೇರೆ ಇದೆ, ಪರೀಕ್ಷೆಯೂ ಇದೆ. ನೂರಕ್ಕೆ ಎಂಬತ್ತು ಹಾಜರಿ ಇಲ್ಲದವನು ಪರೀಕ್ಷೆಗೆ ಕೂರುವಂತಿಲ್ಲ. ನಡತೆ ಅಳೆಯುವ ಕೋಲು ಕಾಲೇಜಿನ ಕೈಯಲ್ಲೇ ಇದೆ. ಬೀರುವಿನಲ್ಲಿ ಭದ್ರವಾಗಿದೆ.

ಅಂಗಡಿಯವರಿಗೂ ಬಸ್ಸಿನವರಿಗೂ ಇದೆಲ್ಲ ಯಾಕೆ ಎಂದು ಕೇಳಬಹುದು. ಇವತ್ತು ಫುಟ್‌ಬೋರ್ಡಿನಲ್ಲಿ ನೇತಾಡುವ ಡೀಸೆಲ್ ಮೆಕ್ಯಾನಿಕ್ ಹುಡುಗನೇ ನಾಳೆ ಅಪ್ರೆಂಟಿಸ್ ಆಗಿ ಬಸ್ ಡಿಪೋದ ವರ್ಕ್‌ಶಾಪು ಸೇರಿ ಅದೇ ಬಸ್ಸಿನ ಬ್ರೇಕು ಬಿಚ್ಚಿ ಜೋಡಿಸುವವನು. ನಿಮ್ಮ ಅಂಗಡಿಗೆ ಮೀಟರ್ ಬೋರ್ಡಿನಿಂದ ವಯರು ಎಳೆಯುವವನು ಈ ಎಲೆಕ್ಟ್ರಿಷಿಯನ್ ಹುಡುಗ. ನೆಲದಡಿಗೆ ಅರ್ಥಿಂಗ್ ಹಾಕಿದ್ದಾನೋ, ಬಿಲ್ಲಿನಲ್ಲಿ ಮಾತ್ರ ಬರೆದಿದ್ದಾನೋ ನಿಮಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ಶೆಟರು ಮುಟ್ಟಿದಾಗ ಗೊತ್ತಾಗುತ್ತದೆ. ಅವನು ಶಿಳ್ಳೆ ಹೊಡೆದದ್ದು ಕಿವಿಗೆ ಕೇಳಿಸಿತು, ಅದಕ್ಕೆ ಅರ್ಜಿ ಕೊಟ್ಟಿರಿ. ಅವನು ಅರ್ಧ ದಿನ ವರ್ಕ್‌ಶಾಪಿಗೇ ಹೋಗಲಿಲ್ಲ ಎಂಬುದರ ಬಗ್ಗೆ ಅರ್ಜಿಯಲ್ಲಿ ಅಕ್ಷರವಿಲ್ಲ. ನಮ್ಮನ್ನು ಕೇಳಿದರೆ ಶಿಳ್ಳೆಗಿಂತ ಅದು ದೊಡ್ಡ ದೂರು.

ಬೆಳಿಗ್ಗೆ ಹನ್ನೊಂದು ಗಂಟೆಗೆ ಆ ಹುಡುಗರು ಟೀ ಅಂಗಡಿಯ ಮುಂದೆ ಯಾಕಿರುತ್ತಾರೆ? ಎಲ್ಲರೂ ಕಳ್ಳಬಿದ್ದವರಲ್ಲ. ವಿಚಾರಿಸಿದರೆ ಒಬ್ಬ ಹೇಳಿದ: "ನಮ್ ಟ್ರೇಡಿಗೆ ಸಾರ್ ಇಲ್ಲ ಅಣ್ಣಾ, ಬೇರೆ ಟ್ರೇಡಿನ ಸಾರೇ ಎರಡೂ ನೋಡ್ತಾರೆ. ಹಾಜರಿ ಕರೆದು ಕೂರಿಸ್ತಾರೆ. ಎಷ್ಟೊತ್ ಅಂತ ಕೂರೋದು?" ಸರಕಾರಿ ಐಟಿಐಗಳಲ್ಲಿ ಕಲಿಸುವವರ ಹುದ್ದೆ ಖಾಲಿ ಬೀಳುವುದು ಹಳೇ ಕಾಯಿಲೆ. ವೆಲ್ಡಿಂಗಿಗೆ ಎಲೆಕ್ಟ್ರೋಡು ಸಾಲದು, ಫಿಟ್ಟಿಂಗಿಗೆ ಕಬ್ಬಿಣದ ಪಟ್ಟಿ ಸಾಲದು, ಒಂದೇ ತುಂಡನ್ನು ನಾಲ್ಕು ಜನ ಸರದಿಯಲ್ಲಿ ತಿಕ್ಕಬೇಕು ಎಂಬ ಮಾತು ನಮ್ಮ ಕಿವಿಗೆ ಬೀಳುತ್ತಲೇ ಇದೆ. ಟಾಟಾ ಟೆಕ್ನಾಲಜೀಸ್ ಜತೆ ಸೇರಿ ರಾಜ್ಯದ 150 ಸರಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ, 2022ರ ಜೂನಿನಲ್ಲಿ ಪ್ರಧಾನಿಯವರಿಂದ ಲೋಕಾರ್ಪಣೆಯನ್ನೂ ಮಾಡಿಸಲಾಯಿತು. ಹೊಸ ಮೆಶೀನು ಬಂದದ್ದು ಒಳ್ಳೆಯದೇ. ಆದರೆ ಹುಡುಗನ ಹೆಗಲ ಹಿಂದೆ ನಿಂತು "ಹಂಗಲ್ಲ, ಹಿಂಗ್ ಹಿಡಿ" ಎನ್ನಲು ಒಬ್ಬ ಮನುಷ್ಯ ಬೇಕು. ಕೈಗೆ ಕೆಲಸವಿಲ್ಲದ ಹದಿನೇಳು ವರ್ಷದವನನ್ನು ಆರು ಗಂಟೆ ಕಾಲ ಬೆಂಚಿನ ಮೇಲೆ ಕೂರಿಸಿ ಅವನಿಂದ ಶಿಸ್ತು ಬಯಸುವುದು ಯಾವ ಊರಿನ ನ್ಯಾಯ?

ಇನ್ನೊಂದು ಮಾತು ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಎಲ್ಲೂ ಸಲ್ಲದವನು ಐಟಿಐಗೆ" ಎಂದು ಮನೆಯಲ್ಲಿ, ನೆಂಟರಲ್ಲಿ, ಕೊನೆಗೆ ಸ್ಟಾಫ್ ರೂಮಿನಲ್ಲೂ ಅನ್ನುತ್ತಾರೆ. ಈ ಅಂಕಣ ಬರೆಯುತ್ತಿರುವವನು ಪಿಯುಸಿ ಪೂರಾ ಮಾಡದವನು, ಈ ಮಾತು ಎಲ್ಲಿ ಚುಚ್ಚುತ್ತದೆ ಎಂದು ಗೊತ್ತು. ಎರಡು ವರ್ಷ ದಿನಾ ಇದನ್ನೇ ಕೇಳಿದ ಹುಡುಗ, ಸರಿ, ಹಾಗಾದರೆ ಹಾಗೇ ಇರುತ್ತೇನೆ ಎಂದುಕೊಳ್ಳುತ್ತಾನೆ.

ಮೊದಲು ಹೀಗಿರಲಿಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅಲ್ಲಿ ತಯಾರಾದ ಲೇತುಗಳು ದೇಶದ ಮೂಲೆಮೂಲೆಗೂ ಹೋದವು. ಆ ಕಾಲದಲ್ಲಿ ಮಗ ಫಿಟ್ಟರು, ಟರ್ನರು ಎಂದರೆ ಹೆಣ್ಣು ಕೊಡುವವರು ಮನೆ ಹುಡುಕಿಕೊಂಡು ಬರುತ್ತಿದ್ದರು. ಸೈರನ್ನು ಕೂಗಿದರೆ ಇಡೀ ಊರು ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು ಎಂದು ಹಿರಿಯರು ಈಗಲೂ ನೆನೆಯುತ್ತಾರೆ. ಹುಡುಗ ಪಾಠ ಕಲಿಯುವಾಗಲೇ ಕಣ್ಣೆದುರಿಗೆ ಒಂದು ಗೇಟು ಕಾಣುತ್ತಿತ್ತು. ಆ ಗೇಟಿನಲ್ಲಿ ತನ್ನದೇ ಕೇರಿಯ ಮಾವನೋ ಅಣ್ಣನೋ ಟಿಫನ್ ಡಬ್ಬಿ ಹಿಡಿದು ಒಳಗೆ ಹೋಗುವುದು ಕಾಣುತ್ತಿತ್ತು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ದಾವಣಗೆರೆಯ ಹತ್ತಿ ಮಿಲ್ಲುಗಳ ಕಥೆಯಂತೂ ನಿಮಗೆ ಗೊತ್ತೇ ಇದೆ. ಈಗ ಹುಡುಗನಿಗೆ ಕಾಣುವುದು ಬೆಂಗಳೂರಿನ ಪೀಣ್ಯ, ಬಿಡದಿ. ಅದು ಕಣ್ಣಿಗೆ ಕಾಣುವ ದೂರದಲ್ಲಿಲ್ಲ.

ಕೈಕೆಲಸದ ವಿದ್ಯೆಯನ್ನು ಕೀಳಾಗಿ ನೋಡುವವರಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಒಂದು ಸಂಗತಿ ನೆನಪಿಸಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಿದ್ದಕ್ಕೆ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯ ಹಣವನ್ನು ಅವರು ಕಿಸೆಗೆ ಹಾಕಿಕೊಳ್ಳಲಿಲ್ಲ, ಹುಡುಗರು ಕಸಬು ಕಲಿಯುವ ಒಂದು ಸಂಸ್ಥೆಗೆ ಕೊಡಿಸಿದರು. ಅದೇ 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಇವತ್ತಿನ ಎಸ್.ಜೆ. ಪಾಲಿಟೆಕ್ನಿಕ್. ಇವತ್ತಿಗೆ ಬಂದರೆ, ಬಿಡದಿಯಲ್ಲಿ ಟೊಯೋಟಾದವರು 2007ರಲ್ಲಿ ತೆರೆದ ತರಬೇತಿ ಶಾಲೆ ಇದೆ. ಹತ್ತನೇ ಕ್ಲಾಸು ಮುಗಿಸಿದ ಹಳ್ಳಿಯ ಬಡ ಮಕ್ಕಳೇ ಅಲ್ಲಿಗೆ ಸೇರುತ್ತಾರೆ. ಆ ಹುಡುಗರು ಸಾಲಾಗಿ ನಡೆಯುತ್ತಾರೆ, ಟೂಲು ಜಾಗದಲ್ಲಿಡುತ್ತಾರೆ ಎಂದು ನೋಡಿ ಬಂದವರು ಬಾಯಿ ಬಿಡುತ್ತಾರೆ. ಅವರೂ ನಮ್ಮ ಜಗಳೂರು, ಹರಪನಹಳ್ಳಿ ಹುಡುಗರಂಥ ಹುಡುಗರೇ. ಅಲ್ಲಿ ಬೆಳಗಿನಿಂದ ರಾತ್ರಿವರೆಗೆ ಕೆಲಸವಿದೆ, ಹೇಳಿಕೊಡುವವರಿದ್ದಾರೆ, ಹೇಳಿಕೊಡುವವರೂ ಅದೇ ಯೂನಿಫಾರಂ ಹಾಕಿರುತ್ತಾರೆ. ದುಡ್ಡಿರುವ ಕಂಪನಿ, ನಿಜ. ಟೂಲು ಒರೆಸಿ ಇಡುವುದಕ್ಕೆ ಮಾತ್ರ ದುಡ್ಡು ಬೇಕಾಗಿಲ್ಲ.

ಈಗ ಅರ್ಜಿದಾರರ ಕಡೆ ತಿರುಗೋಣ. ಬೇಜಾರು ಮಾಡಿಕೊಳ್ಳಬಾರದು, ಈ ಪತ್ರಿಕೆ ಕೊಂಡು ಓದುವವರು ನೀವೇ, ಜಾಹೀರಾತು ಕೊಡುವವರೂ ನೀವೇ. ಆದರೂ ಕೇಳಲೇಬೇಕು. ಗೇಟಿನ ಎದುರಿನ ಸಾಲಿನಲ್ಲಿ ಸರ ಸರ ಜೋತಾಡುವ ಪೊಟ್ಟಣಗಳು ಏನು? ಗುಟ್ಕಾವನ್ನು ಕರ್ನಾಟಕ ಸರಕಾರ 2013ರಲ್ಲೇ ನಿಷೇಧಿಸಿತು. ಅಂದಿನಿಂದ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಬೆರೆಸುವ ಕೆಲಸ ಗಿರಾಕಿಯದು. ಶಾಲೆ ಕಾಲೇಜುಗಳಿಂದ ನೂರು ಗಜದ ಒಳಗೆ ತಂಬಾಕು ಮಾರಕೂಡದು ಎಂದು 2003ರ ಕೇಂದ್ರ ಕಾನೂನು ಹೇಳಿತು. ಹದಿನೆಂಟು ತುಂಬದವರಿಗೆ ಮಾರಕೂಡದು ಎಂದೂ ಹೇಳಿತು. ನಮ್ಮ ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು ಆ ವಯಸ್ಸನ್ನು 21ಕ್ಕೆ ಏರಿಸಿದೆ. ಪ್ಯಾಕು ಒಡೆದು ಒಂದೊಂದೇ ಸಿಗರೇಟು ಮಾರುವುದೂ ತಪ್ಪು. ಎಂದರೆ ಐಟಿಐ ಯೂನಿಫಾರಂ ಹಾಕಿ ಬಂದ ಹೆಚ್ಚುಕಡಿಮೆ ಯಾವ ಹುಡುಗನಿಗೂ ನೀವು ಒಂದು ಸಿಗರೇಟನ್ನೂ ಕೊಡುವಂತಿಲ್ಲ. ಕೊಡುತ್ತಿದ್ದೀರೋ ಇಲ್ಲವೋ? ಸಾಲವನ್ನೂ ಬರೆದಿಟ್ಟುಕೊಳ್ಳುತ್ತೀರಂತೆ. ಹನ್ನೊಂದು ಗಂಟೆಗೆ ಅಲ್ಲಿ ಗುಂಪು ಸೇರಲು ಕಾರಣ ಬೋರ್ಡಿನಲ್ಲಿಲ್ಲ, ನಿಮ್ಮ ಡಬ್ಬಿಯಲ್ಲಿದೆ. ಒಬ್ಬ ಅಂಗಡಿಯವರು, ಒಳ್ಳೆಯ ಮನುಷ್ಯ, ನಮಗೆ ಹೇಳಿದ್ದು ಇಷ್ಟು: "ನಾ ಬಿಟ್ರೆ ಪಕ್ಕದಾಂವ ಮಾರ್ತಾನ್ರೀ, ನನ್ ವ್ಯಾಪಾರ ಹೋತು." ನಿಜವೇ. ಅದಕ್ಕೇ ಅರ್ಜಿಗೆ ಸಹಿ ಹಾಕಿದ ಹಾಗೆ ಇದಕ್ಕೂ ಎಲ್ಲರೂ ಒಟ್ಟಿಗೆ ಸಹಿ ಹಾಕಿದರೆ ಯಾರ ವ್ಯಾಪಾರವೂ ಒಬ್ಬರಿಂದ ಒಬ್ಬರಿಗೆ ಹೋಗುವುದಿಲ್ಲ.

ಬಸ್ಸಿನವರದೂ ಸ್ವಲ್ಪ ಇದೆ. ಸ್ಟಾಪಿನಲ್ಲಿ ಐಟಿಐ ಯೂನಿಫಾರಂ ಕಂಡರೆ ನೂರಡಿ ಮುಂದೆ ಹೋಗಿ ನಿಲ್ಲಿಸುವ ಡ್ರೈವರುಗಳಿದ್ದಾರೆ. ಹುಡುಗರು ಓಡುತ್ತಾರೆ, ಓಡಿ ಬಂದವನು ಬಾಗಿಲಿಗೆ ಜೋತುಬೀಳುತ್ತಾನೆ. ಪಾಸಿಗೆ ದುಡ್ಡು ಕಟ್ಟಿದ್ದಾನೆ, ಧರ್ಮಕ್ಕೆ ಬಂದವನಲ್ಲ. ಕಾಲೇಜು ಬಿಡುವ ಹೊತ್ತಿಗೆ ಒಂದು ಹೆಚ್ಚಿನ ಬಸ್ಸು ಬಿಟ್ಟು, ಸ್ಟಾಪಿನಲ್ಲೇ ನಿಲ್ಲಿಸಿ ಹತ್ತಿಸಿಕೊಂಡರೆ ಅರ್ಧ ಜಗಳ ಹುಟ್ಟುವುದಿಲ್ಲ. ಮಿಕ್ಕ ಅರ್ಧಕ್ಕೆ ಒಬ್ಬ ಮಾಸ್ತರು ಹತ್ತು ನಿಮಿಷ ಸ್ಟಾಪಿನಲ್ಲಿ ನಿಂತರೆ ಸಾಕು. ಮಾಸ್ತರಿಗೆ ಅದು ಮರ್ಯಾದೆಗೆ ಕಡಿಮೆಯಾದರೆ ಬೇಡ.

ಇನ್ನು ಟಿ.ಸಿ. ವಿಚಾರ. ನಾಲ್ಕು ಅಕ್ಷರ ಬರೆದು ಸೀಲು ಒತ್ತಿದರೆ ಕಾಲೇಜಿನ ಕೆಲಸ ಮುಗಿಯಿತು. ಹುಡುಗನದು? ಎರಡು ವರ್ಷದ ಟ್ರೇಡಿನಲ್ಲಿ ಒಂದು ವರ್ಷ ಕಳೆದಿದೆ. ನಡುವೆ ಬಂದವನನ್ನು ಬೇರೆ ಐಟಿಐನವರು ಸೇರಿಸಿಕೊಳ್ಳುವುದು ಸುಲಭವಲ್ಲ, ಅದೂ ನಡತೆ ಸರಿಯಿಲ್ಲ ಎಂಬ ಷರಾ ಹಿಡಿದು ಬಂದವನನ್ನು. ಅವನ ಸೀಟು ಖಾಲಿ ಉಳಿಯುತ್ತದೆ. 1961ರ ಕಾಯ್ದೆಯಂತೆ ಸಿಗಬಹುದಾಗಿದ್ದ ಅಪ್ರೆಂಟಿಸ್‌ಶಿಪ್ಪೂ ಹೋಯಿತು. ನಾಲ್ವರಲ್ಲಿ ಒಬ್ಬನ ಅಪ್ಪ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ಮಗನ ಮೇಲೆ ಅರ್ಜಿ ಬಿದ್ದಿರುವುದು ಅವರಿಗೆ ಗೊತ್ತಾದದ್ದು ಕಾಲೇಜಿನಿಂದಲ್ಲ, ನಮ್ಮಿಂದ. ಕಾಗದ ಬರೆಯುವುದು ಬೇಡ, ಒಂದು ಫೋನು ಮಾಡಲಿಕ್ಕೂ ಯಾರಿಗೂ ಪುರುಸೊತ್ತು ಆಗಲಿಲ್ಲವೇ? ಟಿ.ಸಿ. ಪಡೆದ ಹುಡುಗ ಊರು ಬಿಟ್ಟು ಹೋಗುವುದಿಲ್ಲ ಎಂಬುದನ್ನೂ ಅಂಗಡಿಯವರು ಯೋಚಿಸಲಿ. ಅದೇ ಸ್ಟಾಪಿನಲ್ಲಿ, ಅದೇ ಟೀ ಅಂಗಡಿ ಮುಂದೆ ಬೆಳಗಿನಿಂದ ಸಂಜೆವರೆಗೆ ನಿಲ್ಲುತ್ತಾನೆ. ಆಗ ದೂರು ಕೊಡಲು ಪ್ರಿನ್ಸಿಪಾಲರೂ ಇರುವುದಿಲ್ಲ.

ಶಿಕ್ಷೆ ಬೇಡ ಎನ್ನುತ್ತಿಲ್ಲ. ಶೋಕೇಸಿನ ಗಾಜಿನ ದುಡ್ಡನ್ನು ನಾಲ್ವರೂ ಕೊಡಲಿ, ಅಪ್ಪಂದಿರ ಕಿಸೆಯಿಂದಲ್ಲ, ಭಾನುವಾರ ದುಡಿದು. ವೆಲ್ಡಿಂಗ್ ಕಲಿಯುವವನೊಬ್ಬ ಅವರಲ್ಲಿದ್ದಾನೆ. ಸ್ಟಾಪಿನಲ್ಲಿ ಬಾಗಿ ನಿಂತಿರುವ ಕಬ್ಬಿಣದ ಬೆಂಚನ್ನು ಮಾಸ್ತರ ಎದುರು ಬೆಸುಗೆ ಹಾಕಿ ನೆಟ್ಟಗೆ ಮಾಡಲಿ. ಒಂದು ತಿಂಗಳು ದಿನಾ ಎಲ್ಲರಿಗಿಂತ ಮುಂಚೆ ಬಂದು ಟೂಲ್ ರೂಮಿನ ಲೆಕ್ಕ ಒಪ್ಪಿಸಲಿ. ತಪ್ಪಿಸಿಕೊಂಡರೆ ಆಗ ಟಿ.ಸಿ. ಕೊಡಿ, ನಾವು ಅಡ್ಡ ಬರುವುದಿಲ್ಲ.

ಸರಕಾರಿ ಐಟಿಐಗಳಲ್ಲಿ ಊರಿನ ಕೈಗಾರಿಕೆಯವರನ್ನು ಸೇರಿಸಿಕೊಂಡ ಆಡಳಿತ ಸಮಿತಿ ಎಂದು ಒಂದು ಇರಬೇಕು. 2007ರಿಂದೀಚೆಗೆ ಎಷ್ಟೋ ಕಡೆ ಮಾಡಿದ್ದಾರೆ. ಅದರ ಸಭೆ ಕರೆಯಲಿ, ಅರ್ಜಿ ಕೊಟ್ಟ ಅಂಗಡಿಯವರಲ್ಲಿ ಇಬ್ಬರನ್ನು, ಡಿಪೋದಿಂದ ಒಬ್ಬರನ್ನು, ಆ ನಾಲ್ಕು ಮನೆಯವರನ್ನು ಕೂರಿಸಲಿ. ಖಾಲಿ ಹುದ್ದೆಯ ಬಗ್ಗೆ ಇಲಾಖೆಗೆ ಹೋಗುವ ಪತ್ರಕ್ಕೆ ಅಂಗಡಿಯವರ ಸಹಿಯೂ ಇರಲಿ. ಹುಡುಗರನ್ನು ಓಡಿಸಿ ಎಂಬ ಅರ್ಜಿಗೆ ಹಾಕಿದ ಪೆನ್ನು ಇದಕ್ಕೂ ಬರೆಯುತ್ತದೆ.

ಪ್ರಿನ್ಸಿಪಾಲರು ಟಿ.ಸಿ. ಪುಸ್ತಕಕ್ಕೆ ಇನ್ನೂ ಸಹಿ ಹಾಕಿಲ್ಲ ಎಂದು ತಿಳಿದಿದೆ. ಹಾಕುವ ಮುಂಚೆ ಆ ನಾಲ್ವರ ಈ ವರ್ಷದ ಹಾಜರಿ ಪುಸ್ತಕವನ್ನೂ, ಅದರ ಪಕ್ಕಕ್ಕೆ ಅವರ ಟ್ರೇಡಿನ ಮಾಸ್ತರು ಎಷ್ಟು ದಿನ ಇದ್ದರು ಎಂಬ ಪುಸ್ತಕವನ್ನೂ ತರಿಸಿ, ಎರಡನ್ನೂ ಒಂದೇ ಟೇಬಲ್ಲಿನ ಮೇಲೆ ಬಿಚ್ಚಿಟ್ಟು ನೋಡಲಿ.